ಕತೆಗಾರನ ಅಭ್ಯಾಸವೂ ನೆರೆಯವನ ಋಣವೂ

ಕತೆಯನ್ನು ಕಟ್ಟುವ ಶಕ್ತಿಯು ಹುಟ್ಟಿನಿಂದ ಬರುವದೋ ಅಭ್ಯಾಸದಿಂದ ಬರುವದೋ ಎಂಬ ಪ್ರಶ್ನೆಯು ಬಹು ಹಳೆಯದು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯುಂಟು. ಅದನ್ನು ಕೇಳುವವರು ವಿರಳ. ದಿನಕ್ಕೊಂದು ಪಾಠದಂತೆ ಕಲ್ಪನೆಯನ್ನು ದುಡಿಸುತ್ತ, ಕಂಡವರ ಸುಖದುಃಖಗಳನ್ನು ಬರವಣಿಗೆಯ ಸಾಮಗ್ರಿಯನ್ನಾಗಿ ಮಾಡಿಕೊಳ್ಳುವದು ಧರ್ಮವೇ? ಮೊದಲನೆಯದಕ್ಕೆ ಉತ್ತರ ದೊರೆತು ಎರಡನೆಯದಕ್ಕೆ ದೊರೆಯದಿದ್ದರೆ ಕತೆಗಾರನ ಕೈ ಪಳಗೀತು, ಮನಸ್ಸು ಪಳಗಲಾರದು.

ಮೊದಲನೆಯ ಪ್ರಶ್ನೆಗೆ ಪೂರ್ವಿಕರು ಸ್ಪಷ್ಟವಾದ ಉತ್ತರವನ್ನೇ ಕೊಟ್ಟಿದ್ದಾರೆ. ಕಾವ್ಯಕ್ಕೆ ಸಹಜವಾದ ಪ್ರತಿಭೆ, ನಿರ್ಮಲವಾದ ವಿದ್ಯೆ, ಎಡೆಬಿಡದ ಉದ್ಯೋಗ ಈ ಮೂರೂ ಕಾರಣಗಳೆಂದು ದಂಡಿಯು ಹೇಳಿದನು. ಪ್ರತಿಭೆಯು ಕಡಿಮೆಯಿದ್ದವನಿಗೂ ವಾಗ್ದೇವಿಯು ಶ್ರಮವನ್ನು ನೋಡಿ ಅಷ್ಟಿಷ್ಟು ಅನುಗ್ರಹಿಸುವಳೆಂದು ಸಮಾಧಾನವನ್ನೂ ಕೊಟ್ಟನು. ರಾಜಶೇಖರನು ಕವಿಯ ಹಗಲನ್ನು ನಾಲ್ಕು ಪ್ರಹರಗಳಾಗಿ ಹಂಚಿ ಓದಿಗೆ, ರಚನೆಗೆ, ಗೋಷ್ಠಿಗೆ, ಬರೆದದ್ದರ ಪರೀಕ್ಷೆಗೆ ಒಂದೊಂದನ್ನು ಮೀಸಲಿಟ್ಟನು. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನಾದರೋ ಕವಿಶಿಷ್ಯರಿಗೆಂದೇ ಪುಸ್ತಕ ಬರೆದು, ಅರ್ಥದ ಗೊಡವೆಯಿಲ್ಲದೆ ಬರಿಯ ಪದಗಳನ್ನು ಛಂದಸ್ಸಿಗೆ ಕೂಡಿಸುವ ಸಾಧನೆಯಿಂದ ಮೊದಲುಮಾಡಿಸಿದನು. ಬರವಣಿಗೆಗೆ ಪಾಠಕ್ರಮವುಂಟೆಂಬದು ಹೊರದೇಶದಿಂದ ನಿನ್ನೆ ಬಂದ ಮಾತಲ್ಲ.

ಕಲಬುರಗಿ ಜಿಲ್ಲೆಯವರಿಗೆ ಈ ವಿಚಾರವು ಮನೆಯ ವಿಚಾರವೇ ಆಗಿದೆ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು ಈ ಜಿಲ್ಲೆಯ ಮಳಖೇಡವೇ ಸರಿ. ಆ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ದಂಡಿಯ ದಾರಿಯನ್ನು ಬಹುಮಟ್ಟಿಗೆ ಅನುಸರಿಸಿ ಕವಿಯಾಗಬಯಸುವವನಿಗೆ ಗುಣದೋಷಗಳನ್ನು ಕಲಿಸುತ್ತದೆ. ಹಾಗೆಯೇ ಈ ನಾಡಿನ ಜನರು ಓದದೆಯೇ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಹೊಗಳುತ್ತದೆ. ಓದದೆ ನಿಪುಣರಾದವರಿಗೆ ಪಾಠವೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಓದದವನು ಅಭ್ಯಾಸಮಾಡದವನಲ್ಲ. ಬೀಸುವ ಕಲ್ಲಿನ ಮುಂದೆ ಹಾಡು ಕಟ್ಟಿದ ತಾಯಂದಿರೂ, ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನ ತತ್ತ್ವಪದಗಳನ್ನು ಏಕತಾರಿಯೊಡನೆ ರಾತ್ರಿಯೆಲ್ಲ ಹಾಡಿದ ಭಜನೆಯವರೂ ಕಿವಿಯಿಂದ ಮಾಡಿದ ಸಾಧನೆಯು ಯಾವ ವಿದ್ಯಾರ್ಥಿಯ ಸಾಧನೆಗೂ ಕಡಿಮೆಯದಲ್ಲ. ಅದು ಪುಸ್ತಕದಲ್ಲಿ ಕಾಣುವದಿಲ್ಲ, ಅಷ್ಟೇ.

ಇನ್ನು ಅಫಜಲಪುರ ತಾಲೂಕಿನ ಕರಜಗಿಯಂಥ ಊರಿನಲ್ಲಿ ಕತೆ ಬರೆಯಬೇಕೆಂಬ ಹಂಬಲವುಳ್ಳ ಒಬ್ಬ ತರುಣನಿದ್ದಾನೆಂದು ಭಾವಿಸಬಹುದು. ಅವನು ದಿನಾಲು ಊಟವಾದ ಬಳಿಕ ಅರ್ಧ ತಾಸು ವಹಿಯ ಮುಂದೆ ಕುಳಿತುಕೊಳ್ಳುವನು. ಮೊದಲನೆಯ ತಿಂಗಳು, ಆ ದಿನ ಕಂಡ ಒಂದೇ ವಸ್ತುವನ್ನು ಹತ್ತು ಸಾಲುಗಳಲ್ಲಿ, ವಿಶೇಷಣದ ಹಂಗಿಲ್ಲದೆ ಬರೆಯುವನು. ಎರಡನೆಯ ತಿಂಗಳು, ಸಂತೆಯಲ್ಲಿ ಕಿವಿಗೆ ಬಿದ್ದ ಮಾತನ್ನು ಆಡಿದವರ ಧಾಟಿಯಲ್ಲಿಯೇ ನೆನೆದು ಬರೆಯುವನು. ಮೂರನೆಯ ತಿಂಗಳು, ತನಗೆ ತಿಳಿದ ಒಂದು ಜಗಳವನ್ನು ತನಗೆ ಆಗದವನ ಬಾಯಿಂದ ಹೇಳಿಸುವನು. ಇವು ಮೂರೂ ಸುಲಭವಾಗಿ ತೋರಿದರೂ ಸುಲಭವಲ್ಲ.

ಇದಕ್ಕೆ ಬರುವ ಮೊದಲನೆಯ ಆಕ್ಷೇಪವೆಂದರೆ, ಒಳಗಿನ ಒತ್ತಾಯವಿಲ್ಲದೆ ಗಡಿಯಾರ ನೋಡಿ ಬರೆದದ್ದು ಸತ್ತ ಬರಹವಾಗುವದೆಂಬದು. ಆಕ್ಷೇಪವು ನಿಜವೇ, ಆದರೆ ಅದು ಅಭ್ಯಾಸಕ್ಕೆ ತಗಲುವದಿಲ್ಲ, ಅಭ್ಯಾಸವನ್ನೇ ಕೃತಿಯೆಂದು ಬಗೆದವನಿಗೆ ತಗಲುತ್ತದೆ. ತಾಲೀಮಿನಲ್ಲಿ ಹೊಡೆದ ದಂಡಗಳನ್ನು ಯಾವ ಪೈಲವಾನನೂ ಕುಸ್ತಿಯೆಂದು ಕರೆಯುವದಿಲ್ಲ. ವಹಿಯ ಪುಟಗಳು ಎಷ್ಟಾದವೆಂದು ಎಣಿಸಿ ಹಿಗ್ಗುವವನೂ, ಅವನ್ನೆಲ್ಲ ಅಚ್ಚಿಗೆ ಕಳಿಸುವವನೂ ದಂಡವನ್ನೇ ಕುಸ್ತಿಯೆಂದು ನಂಬಿದವರು.

ಎರಡನೆಯ ಆಕ್ಷೇಪವು ಹೆಚ್ಚು ಭಾರವಾದದ್ದು. ಸಣ್ಣ ಊರಿನಲ್ಲಿ ಒಬ್ಬರಿಗೊಬ್ಬರು ಗುರುತು. ತೊಗರಿಯ ಬೆಳೆ ಕೆಟ್ಟು ಸಾಲದಲ್ಲಿ ಬಿದ್ದವನ ಮೌನವನ್ನು ಎದುರು ಮನೆಯವನು ರಾತ್ರಿ ಕುಳಿತು ಬರೆದುಕೊಂಡರೆ, ಅದು ಸಹಾನುಭೂತಿಯೋ ಕಳವೋ? ನೋಡುವದೇ ರೂಢಿಯಾದ ಕಣ್ಣು ಕ್ರಮೇಣ ಕೈಯನ್ನು ಮರೆಯುವದುಂಟು. ನೆರೆಯವನು ಅಳುವಾಗ ಅವನ ಹೆಗಲ ಮೇಲೆ ಕೈಯಿಡದೆ ಅವನ ಅಳುವಿನ ರೀತಿಯನ್ನು ಗಮನಿಸುವ ದುರವಸ್ಥೆಯು ಬರಹಗಾರರಿಗೆ ಹೊಸತಲ್ಲ. ಇಂಥ ಅಭ್ಯಾಸವು ಎಷ್ಟು ಚಂದದ ಕತೆಯನ್ನು ಕೊಟ್ಟರೂ ಮನುಷ್ಯನನ್ನು ಕಿರಿದುಮಾಡುವದು.

ಆದರೂ ಈ ರೋಗಕ್ಕೆ ಮದ್ದು ಆ ಅಭ್ಯಾಸದ ಒಳಗೇ ಇದೆ. ತರುಣನ ಮನೆಗೂ ಪಕ್ಕದ ಹೊಲದವನಿಗೂ ಬದುವಿನ ವ್ಯಾಜ್ಯವಿದ್ದಿತೆನ್ನೋಣವೇ? ಮೂರನೆಯ ತಿಂಗಳಿನ ಪಾಠಕ್ಕಾಗಿ ಅವನು ಆ ವೈರಿಯ ಬಾಯಿಂದ ಕತೆ ಹೇಳಿಸಬೇಕು. ಮೊದಲನೆಯ ದಿನ ವೈರಿಯು ಮೂರ್ಖನಂತೆ ಮಾತನಾಡುವನು. ಬರಹವು ಸುಳ್ಳೆಂದು ಬರೆದವನಿಗೇ ಗೊತ್ತಾಗುವದು. ಎರಡನೆಯ ದಿನ, ಮೂರನೆಯ ದಿನ ತಿದ್ದಿ ಬರೆಯುವಾಗ, ಆ ಮನೆಯಲ್ಲಿಯೂ ಮದುವೆಗೆ ಬಂದ ಮಗಳಿದ್ದಾಳೆ, ಆ ಮುದುಕನಿಗೂ ತನ್ನ ತಂದೆ ತೋರಿಸಿ ಹೋದ ಕಲ್ಲೇ ಗಡಿಕಲ್ಲು ಎಂಬದು ಹೊಳೆಯುವದು. ಇದರಿಂದ ಬದುವು ಸರಿಯುವದಿಲ್ಲ, ವ್ಯಾಜ್ಯವೂ ಮುಗಿಯಲಿಕ್ಕಿಲ್ಲ. ಆದರೆ ಎದುರಾಳಿಯನ್ನು ಮೂರ್ಖನೆನ್ನುವ ಸುಖವು ತರುಣನಿಗೆ ಇನ್ನು ದೊರೆಯದು. ಕತೆಯ ಅಭ್ಯಾಸದಿಂದ ಆಗುವ ನಿಜವಾದ ಲಾಭವು ಇದೇ. ಕತೆ ಬಂದರೂ ಬರದಿದ್ದರೂ ಇದು ಉಳಿಯುವದು.

ಇದರಿಂದ ಒಂದು ಮರ್ಯಾದೆಯೂ ಹುಟ್ಟುತ್ತದೆ. ವಹಿಯಲ್ಲಿ ಬರೆದದ್ದೆಲ್ಲ ವಹಿಯ ಹೊರಗೆ ಬರತಕ್ಕದ್ದಲ್ಲ. ಗುರುತು ಹತ್ತಿ ಒಬ್ಬನ ಮಾನಕ್ಕೆ ಕುಂದು ತರುವ ಪುಟವು ಎಷ್ಟೇ ಚೆನ್ನಾಗಿದ್ದರೂ ಅಭ್ಯಾಸವಾಗಿಯೇ ಉಳಿಯಬೇಕು. ಹಾಗೆಂದು ನೊಂದವರ ಬಾಳನ್ನು ಬರೆಯಲೇಬಾರದೆಂದಲ್ಲ. ಇದೇ ಜಿಲ್ಲೆಯ ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣರು ಈ ಭಾಗದ ಬಡವರ, ಹೆಂಗಸರ ಬಾಳನ್ನು ಅವರ ಮಾತಿನಲ್ಲಿಯೇ ಬರೆದರು. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ಬರೆಯಲ್ಪಟ್ಟವರು ಕುಗ್ಗದೆ ಎದ್ದು ನಿಲ್ಲುವಂತೆ ಬರೆದರೆ ಆ ಬರಹವು ಕಳವಲ್ಲ, ಋಣದ ತೀರುವಳಿ.

ಭೀಮೆಯ ದಂಡೆಯ ಒಕ್ಕಲಿಗನು ಹಿಂಗಾರಿ ಜೋಳದ ಎರೆಹೊಲವನ್ನು ಮಳೆಗಾಲದಲ್ಲಿ ಬಿತ್ತದೆ ಬಿಟ್ಟರೂ ಕೈಕಟ್ಟಿ ಕುಳಿತುಕೊಳ್ಳುವದಿಲ್ಲ. ಮೇಲಿಂದ ಮೇಲೆ ಕುಂಟೆ ಹೊಡೆದು ಕಳೆ ತೆಗೆದು ಹಸಿಯನ್ನು ಕಾಯುವನು. ಮಳೆಗಾಲದ ಕೊನೆಗೆ ಬಿತ್ತಿದ ಜೋಳವು ಚಳಿಗಾಲವೆಲ್ಲ ಆ ಹಸಿಯ ಮೇಲೆಯೇ ಬೆಳೆಯುವದು. ಕುಂಟೆಯಿಂದ ಮಳೆ ಬರುವದಿಲ್ಲವೆಂಬದು ಅವನಿಗೆ ಗೊತ್ತು; ಬಂದ ಮಳೆಯು ಕುಂಟೆಯಿಲ್ಲದ ಹೊಲದಲ್ಲಿ ನಿಲ್ಲುವದಿಲ್ಲವೆಂಬದೂ ಗೊತ್ತು. ಪ್ರತಿಭೆಯ ವಿಷಯದಲ್ಲಿ ಕತೆಗಾರನು ತಿಳಿಯಬೇಕಾದದ್ದು ಇದಕ್ಕಿಂತ ಹೆಚ್ಚಿಲ್ಲ. ಆ ಹೊಲದ ಬದುವಿನ ಆಚೆ ಇನ್ನೊಬ್ಬನ ಹೊಲವಿದೆಯೆಂಬದನ್ನು ಅವನು ಮರೆಯದಿದ್ದರೆ ಸಾಕು.