ನಿಶ್ಚಿತವೆಂಬ ಒಂದು ಮಾತು

ಎಳೆಯರಿಗಾಗಿ ಒಂದು ವಿಷಯವನ್ನು ಸರಳಗೊಳಿಸುವಾಗ ಸತ್ಯದಲ್ಲಿ ಎಷ್ಟನ್ನು ಬಿಟ್ಟುಬಿಡಬಹುದು? ಈ ಪ್ರಶ್ನೆ ನೀತಿಪಾಠಕ್ಕಿಂತಲೂ ಭೂಗೋಳದ ಪಾಠದಲ್ಲಿ ಹೆಚ್ಚು ತೀಕ್ಷ್ಣವಾಗಿ ಏಳುತ್ತದೆಂದು ನಮ್ಮ ಎಣಿಕೆ. ಕರಿಹಲಗೆಯ ನಡುವೆ ಸೂರ್ಯನನ್ನು ಬರೆದು, ಸುತ್ತಲೂ ಬಳೆಗಳಂತೆ ವೃತ್ತಗಳನ್ನೆಳೆದು, "ಗ್ರಹಗಳು ನಿಶ್ಚಿತ ಕಕ್ಷೆಗಳಲ್ಲಿ ಸುತ್ತುತ್ತವೆ" ಎಂದು ಹೇಳಿಕೊಡುವುದು ರೂಢಿ. ಮಕ್ಕಳು ಬಾಯಿಪಾಠ ಮಾಡುತ್ತಾರೆ; ಅಂಕಗಳೂ ಬರುತ್ತವೆ.

ಆದರೆ ಕಕ್ಷೆಗಳು ದೀರ್ಘವೃತ್ತಗಳು. ಅವೆಲ್ಲವೂ ಒಂದೇ ಸಮತಲದಲ್ಲಿಲ್ಲ. ಬುಧನ ಕಕ್ಷೆ ಭೂಕಕ್ಷೆಗೆ ಸುಮಾರು 7 ಅಂಶ ಓರೆಯಾಗಿದೆ. ಗ್ರಹಗಳನ್ನು ಸೂರ್ಯನೊಬ್ಬನೇ ಸೆಳೆಯುವುದಿಲ್ಲ. ಅವು ಒಂದನ್ನೊಂದು ಸೆಳೆಯುತ್ತವೆ. ಆದಕಾರಣ ಆ ಓರೆಯೂ, ದೀರ್ಘವೃತ್ತದ ನೀಳವೂ, ಅದು ಚಾಚಿರುವ ದಿಕ್ಕೂ ಮೆಲ್ಲಮೆಲ್ಲನೆ ಮಾರ್ಪಡುತ್ತಲೇ ಇರುತ್ತವೆ. ಬಹುಮಟ್ಟಿಗೆ ದುಂಡಗಿರುವ ನಮ್ಮ ಭೂಮಿಯ ಕಕ್ಷೆಯೂ ಸುಮಾರು ಲಕ್ಷ ವರ್ಷಗಳಿಗೊಮ್ಮೆ ನೀಳವಾಗಿ ಮತ್ತೆ ದುಂಡಗಾಗುತ್ತದೆ.

ಇದನ್ನೆಲ್ಲ ನಾಲ್ಕನೆಯ ತರಗತಿಯಲ್ಲಿ ಹೇಳಲಾಗದು. ಹಾಗಾದರೆ ಅಲ್ಲಿ ಹೇಳುವುದು ಸುಳ್ಳೇ?

ಫ್ರಾನ್ಸಿನ ಲವೆರಿಯೆ ಎಂಬ ಗಣಿತಜ್ಞನ ವೃತ್ತಾಂತ ಇಲ್ಲಿ ನೆರವಿಗೆ ಬರುತ್ತದೆ. ಯುರೇನಸ್ಸಿನ ನಡೆ ಲೆಕ್ಕಕ್ಕೆ ಹೊಂದದಿದ್ದುದನ್ನು ಕಂಡು, ಕಾಣದ ಗ್ರಹವೊಂದರ ಸ್ಥಾನವನ್ನು ಆತ ಗುಣಿಸಿ ಹೇಳಿದ. 1846ರಲ್ಲಿ ಬರ್ಲಿನ್ನಿನ ವೀಕ್ಷಣಾಲಯದವರಿಗೆ ಅಲ್ಲಿಯೇ ನೆಪ್ಚೂನ್ ಕಂಡಿತು. ಮುಂದೆ ಆತ ಬುಧನನ್ನು ಕೈಗೆತ್ತಿಕೊಂಡ. ಬುಧನ ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಸಮೀಪದ ಬಿಂದು ತಾನೇ ಸರಿಯುತ್ತ, ಎರಡು ಲಕ್ಷಕ್ಕೂ ಹೆಚ್ಚು ವರ್ಷಗಳಲ್ಲಿ ಒಂದು ಸುತ್ತು ಬರುತ್ತದೆ. ಅದರ ಬಹುಭಾಗಕ್ಕೆ ಇತರ ಗ್ರಹಗಳ ಸೆಳೆತವೇ ಕಾರಣ. ಆದರೂ ಶತಮಾನಕ್ಕೆ 38 ವಿಕಲೆ ಲೆಕ್ಕದಲ್ಲಿ ಮಿಕ್ಕಿತು; ಮುಂದಿನ ಗಣನೆಯಲ್ಲಿ ಅದು 43 ಎಂದಾಯಿತು. ಒಂದು ಅಂಶಕ್ಕೆ 3600 ವಿಕಲೆ. ಅಂದರೆ ಈ ವ್ಯತ್ಯಾಸ ಒಂದು ಅಂಶದಷ್ಟಾಗಲು ಎಂಟು ಸಾವಿರಕ್ಕೂ ಹೆಚ್ಚು ವರ್ಷ ಬೇಕು! ನೋಟದ ದೋಷವೆಂದು ಒರಸಿಹಾಕಿದ್ದರೆ ಅಷ್ಟು ಕೀರ್ತಿವಂತನನ್ನು ಕೇಳುವವರಾರಿದ್ದರು? ಆತ ಒರಸಲಿಲ್ಲ; 1859ರಲ್ಲಿ ಅದನ್ನು ಪ್ರಕಟಿಸಿದ. ಬುಧನಿಗಿಂತ ಒಳಗೆ ಮತ್ತೊಂದು ಗ್ರಹವಿರಬೇಕೆಂದು ಆತ ಊಹಿಸಿದ್ದು ಮಾತ್ರ ಹುಸಿಯಾಯಿತು. 'ವಲ್ಕನ್' ಎಂದು ಹೆಸರಿಟ್ಟು ದಶಕಗಳ ಕಾಲ ಹುಡುಕಿದರೂ ಅದು ಸಿಗಲಿಲ್ಲ, ಇರಲೂ ಇಲ್ಲ. 1915ರ ನವೆಂಬರಿನಲ್ಲಿ ಐನ್‌ಸ್ಟೈನರ ಹೊಸ ಗುರುತ್ವ ಸಿದ್ಧಾಂತ ಆ 43 ವಿಕಲೆಗಳಿಗೆ ಲೆಕ್ಕ ಕೊಟ್ಟಿತು.

ಊಹೆ ತಪ್ಪಿದರೂ ಲವೆರಿಯೆಯ ಲೆಕ್ಕ ಪ್ರಾಮಾಣಿಕವಾಗಿತ್ತು. ಮಿಕ್ಕಿದ್ದನ್ನು ಮಿಕ್ಕಿದೆಯೆಂದೇ ಬರೆದಿಟ್ಟಿತ್ತು. ಉಪಾಧ್ಯಾಯನಿಂದ ಬೇಡಬೇಕಾದುದೂ ಇಷ್ಟೇ ಎಂದು ನಾವು ತಿಳಿಯುತ್ತೇವೆ. ವೃತ್ತ ಬರೆಯುವುದು ಸುಳ್ಳಲ್ಲ. "ಗುರುಗ್ರಹ ಅಷ್ಟು ದೊಡ್ಡದಲ್ಲವೇ ಸಾರ್, ಅದು ಭೂಮಿಯನ್ನು ಎಳೆಯುವುದಿಲ್ಲವೇ?" ಎಂದು ಕೇಳಿದ ಹುಡುಗನನ್ನು "ಪುಸ್ತಕದಲ್ಲಿದ್ದಷ್ಟನ್ನು ಓದು" ಎಂದು ಕೂರಿಸಿದರೆ, ಆಗ ಅದೇ ವೃತ್ತ ಸುಳ್ಳಾಗುತ್ತದೆ.

ಎಳೆಯ ಮನಸ್ಸಿಗೆ ಗಟ್ಟಿ ನೆಲ ಬೇಕು, 'ಸುಮಾರು', 'ಬಹುಮಟ್ಟಿಗೆ' ಎಂದರೆ ಮಗು ಗಲಿಬಿಲಿಗೊಳ್ಳುತ್ತದೆ ಎಂಬ ಆಕ್ಷೇಪ ಹಗುರವಾದುದಲ್ಲ. ಪರೀಕ್ಷಕರಿಗೂ ಒಂದೇ ಉತ್ತರ ಬೇಕು! ಆದರೆ ನೆಲ ಎಲ್ಲಿಯವರೆಗೆ ಗಟ್ಟಿ? ಗ್ರಹಗಳ ಚಲನೆಯಲ್ಲಿ ಅಲ್ಪ ವ್ಯತ್ಯಾಸವೂ ಬೆಳೆಯುತ್ತ ಹೋಗುವುದರಿಂದ, ಹತ್ತು ಕೋಟಿ ವರ್ಷಗಳಾಚೆ ಭೂಮಿ ತನ್ನ ದಾರಿಯಲ್ಲಿ ಎಲ್ಲಿರುವುದೆಂದು ಹೇಳಲಾಗದೆಂದು 1989ರಲ್ಲಿ ಫ್ರಾನ್ಸಿನ ಲಾಸ್ಕರ್ ತೋರಿಸಿಕೊಟ್ಟರು. ನಾಳೆಯ ಸೂರ್ಯೋದಯಕ್ಕೆ ಇದರಿಂದ ಬಾಧಕವಿಲ್ಲವೆಂಬುದನ್ನೂ ಮಗುವಿಗೆ ಹೇಳಬಹುದು, ಅದೂ ನಿಜವೇ.

ಸಾಧನಗಳಿಲ್ಲದ ಶಾಲೆಯಲ್ಲಿ ಬಿದಿರಿನ ಸೀಳಿನ ಎರಡು ಬಳೆಗಳು ಸಾಕು. ದೊಡ್ಡದನ್ನು ಮೇಜಿನ ಮೇಲೆ ಮಟ್ಟಸವಾಗಿಟ್ಟು, ಒಳಗಿನದನ್ನು ಒಂದು ಪಕ್ಕಕ್ಕೆ ತುಸು ಎತ್ತಿ ಹಿಡಿದು, ಮೆಲ್ಲನೆ ತಿರುಗಿಸಿ ತೋರಿಸಬೇಕು. ಮಿಕ್ಕ ಪ್ರಶ್ನೆಗಳನ್ನು ಮಕ್ಕಳೇ ಕೇಳುತ್ತಾರೆ.