ಮೂರು ವರ್ಷದ ಲೆಕ್ಕ

ಹೊಸತರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಈ ಗಾದೆಯನ್ನು ನಾವು ಹೊಸ ಸೊಸೆಗೆ, ಹೊಸ ಹೆಡ್ಮಾಸ್ತರರಿಗೆ, ಹೊಸ ಮಂತ್ರಿಗೆ, ಯಾರಿಗೆ ಬೇಕಾದರೂ ಅನ್ವಯಿಸಿ ನಗುತ್ತೇವೆ. ನಾಲ್ಕು ದಿನ ಕಳೆದರೆ ಉತ್ಸಾಹ ತಾನಾಗಿ ಇಳಿಯುತ್ತದೆ ಎಂಬುದು ಅದರ ತಾತ್ಪರ್ಯ. ಆದರೆ ಆ ನಾಲ್ಕು ದಿನಗಳಲ್ಲಿ ಗೋಣಿಯ ಗತಿ ಏನಾಯಿತೆಂದು ಗಾದೆ ಹೇಳುವುದಿಲ್ಲ. ನನ್ನ ಪ್ರಶ್ನೆ ಗೋಣಿಯದು.

ನಮ್ಮ ಮಂಗಳೂರಿನ ಒಂದು ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಕಳೆದ ವರ್ಷ ಹೊಸ ಕೋಚ್ ಬಂದರು. ಅದಕ್ಕೆ ಮುಂಚಿನ ಎರಡು ವರ್ಷ ಆ ತಂಡ ಅಂತರ ಕಾಲೇಜು ಪಂದ್ಯಾಟದಲ್ಲಿ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂದಿತ್ತು. ಹೊಸಬರು ಬಂದವರೇ, "ಮೂರು ವರ್ಷ ಸಮಯ ಕೊಡಿ, ತಂಡವನ್ನು ಅಡಿಪಾಯದಿಂದ ಕಟ್ಟಿ ತೋರಿಸುತ್ತೇನೆ" ಎಂದರಂತೆ. ಆಡಳಿತದವರು ಒಪ್ಪಿದರು. ಅಡಿಪಾಯದಿಂದ ಕಟ್ಟುವುದೆಂದರೆ ಏನೆಂಬುದು ಮಳೆಗಾಲ ಶುರುವಾಗುವಾಗ ಎಲ್ಲರಿಗೂ ತಿಳಿಯಿತು. ಪ್ರಥಮ ವರ್ಷದ ಹುಡುಗರು ಮೈದಾನದಲ್ಲಿ, ಅಂತಿಮ ವರ್ಷದವರು ಬೆಂಚಿನಲ್ಲಿ.

ಐವತ್ತು ದಾಟಿದ, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಟೀಚರಿಗೆ ಫುಟ್‌ಬಾಲಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಶಾಲೆ ಬಿಟ್ಟು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ನಡೆದು ಬರುವವರಿಗೆ ನೆಹರೂ ಮೈದಾನ ತಪ್ಪಿದ್ದಲ್ಲ. ಬೇರೆ ಊರುಗಳಲ್ಲಿ ಮಳೆ ಬಂದರೆ ಆಟ ನಿಲ್ಲುತ್ತದೆ. ನಮ್ಮಲ್ಲಿ ಮಳೆ ಬಂದ ಮೇಲೆಯೇ ಫುಟ್‌ಬಾಲಿಗೆ ಕಳೆ. ಆಗಸ್ಟ್ ತಿಂಗಳಲ್ಲಿ ಶಾಲಾ ಕಾಲೇಜುಗಳ ಇಂಡಿಪೆಂಡೆನ್ಸ್ ಕಪ್ ನಡೆಯುವ ಹೊತ್ತಿಗಂತೂ ಕೆಸರಿನಲ್ಲಿ ಯಾರ ಅಂಗಿ ಯಾವ ಬಣ್ಣದ್ದೆಂದು ಗುರುತು ಸಿಗುವುದಿಲ್ಲ. ಕೊಡೆ ಹಿಡಿದು ನಿಂತು ನಾನು ನೋಡಿದ ಪಂದ್ಯಗಳು ಕಡಿಮೆಯಲ್ಲ. ಅದಕ್ಕಾಗಿ ಬಸ್ಸು ತಪ್ಪಿಸಿಕೊಂಡದ್ದೂ ಉಂಟು.

ಬೆಂಚಿನಲ್ಲಿ ಕುಳಿತವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಬೆಂಗ್ರೆಯವನು. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ ಇರುವ ಆ ಮರಳಿನ ಪಟ್ಟಿಯಲ್ಲಿ ಮಕ್ಕಳು ನಡೆಯಲು ಕಲಿತ ಮರುದಿನ ಚೆಂಡು ಒದೆಯುತ್ತಾರೆ ಎಂದು ನಾವು ತಮಾಷೆ ಮಾಡುವುದುಂಟು. ಬಂದರಿನವರೆಗೆ ದೋಣಿಯಲ್ಲಿ ದಾಟಿ ಶಾಲೆಗೆ ಬರುತ್ತಿದ್ದ. ನಕ್ಷೆ ಬಿಡಿಸುವುದರಲ್ಲಿ ಹಿಂದೆ, ಆಟದಲ್ಲಿ ಮುಂದೆ. ಈಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ, ತಂಡದಲ್ಲಿ ಬ್ಯಾಕ್ ಆಡುತ್ತಿದ್ದ. ಒಂದು ಸಂಜೆ ಮೈದಾನದ ಹತ್ತಿರ ಸಿಕ್ಕಿದವನನ್ನು ಅಂಗಿಯಲ್ಲಿ ಒಂದು ಹನಿ ಕೆಸರೂ ಇಲ್ಲವಲ್ಲ ಎಂದು ಕೇಳಿದೆ. ಅವನು ಸಿಟ್ಟಿನಿಂದ ಹೇಳಲಿಲ್ಲ, ಲೆಕ್ಕ ಒಪ್ಪಿಸುವವನಂತೆ ಹೇಳಿದ:

"ಮೂರು ವರ್ಷದಲ್ಲಿ ಟೀಮು ಒಳ್ಳೆದಾಗ್ತದಂತೆ ಟೀಚರ್. ಆಗ ನಾನು ದುಬೈಯಲ್ಲಿ ಇರ್ತೇನೆ, ಇಲ್ಲದಿದ್ರೆ ಅಣ್ಣನ ಅಂಗಡಿಯಲ್ಲಿ."

ಕೋಚರನ್ನು ಕೆಟ್ಟ ಮನುಷ್ಯನೆಂದು ಚಿತ್ರಿಸುವ ಉದ್ದೇಶ ನನಗಿಲ್ಲ. ಅವರ ಮಗಳು ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದಳು. ಶಿಕ್ಷಕ-ರಕ್ಷಕ ಸಭೆಗೆ ತಪ್ಪದೆ ಬರುವ ಕೆಲವೇ ತಂದೆಯಂದಿರಲ್ಲಿ ಅವರೊಬ್ಬರು. ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿರುತ್ತಾರೆ. ಇಬ್ಬರು ಬಡ ಹುಡುಗರಿಗೆ ಸ್ವಂತ ಹಣದಿಂದ ಬೂಟು ತೆಗೆದುಕೊಟ್ಟಿದ್ದಾರೆ. ಅವರ ಕೆಲಸವೂ ವರ್ಷ ವರ್ಷ ನವೀಕರಣ ಆಗಬೇಕಾದ ಗುತ್ತಿಗೆಯದು. ಮಗಳ ಅಂಕಪಟ್ಟಿಗೆ ಸಹಿ ಹಾಕಿಸಿಕೊಂಡ ಮೇಲೆ ನಾನು ಈ ವಿಷಯ ತೆಗೆದೆ. ಅವರು ಬೇಸರಿಸಲಿಲ್ಲ.

"ಟೀಚರ್, ನೀವು ಹತ್ತನೇ ಕ್ಲಾಸಿನ ರಿಸಲ್ಟಿಗೆ ಎಂಟನೇ ಕ್ಲಾಸಿನಿಂದಲೇ ತಯಾರಿ ಮಾಡುವುದಿಲ್ಲವಾ? ಇದೂ ಹಾಗೆಯೇ."

"ಮಾಡುತ್ತೇವೆ ಸರ್. ಆದರೆ ಎಂಟನೆಯವರನ್ನು ತಯಾರು ಮಾಡುವಾಗ ಹತ್ತನೆಯವರನ್ನು ವರಾಂಡದಲ್ಲಿ ನಿಲ್ಲಿಸುವುದಿಲ್ಲ."

"ಹನ್ನೊಂದು ಜನಕ್ಕಿಂತ ಹೆಚ್ಚು ಆಡಲಿಕ್ಕಿಲ್ಲ ಟೀಚರ್. ಯಾರನ್ನಾದರೂ ಕೂರಿಸಲೇಬೇಕು" ಎಂದರು.

ಅವರ ಮಾತು ಸುಳ್ಳಲ್ಲ. ಮನೆಗೆ ಹೋಗಿ ಪಾತ್ರೆ ತೊಳೆಯುವಾಗಲೂ ಅದನ್ನೇ ಯೋಚಿಸಿದೆ. ನನಗೆ ಹೊಳೆದದ್ದು, ಬೆಂಚು ಒಂದೇ ಆದರೂ ಅದರಲ್ಲಿ ಕೂರಿಸುವ ಕಾರಣಗಳು ಎರಡು ಬಗೆಯವು ಎಂದು. ನನಗಿಂತ ಚೆನ್ನಾಗಿ ಆಡುವವನು ಬಂದಿದ್ದಾನೆ, ಆದ್ದರಿಂದ ನಾನು ಕುಳಿತಿದ್ದೇನೆ ಎಂದಾದರೆ ಅದು ದುಃಖ; ಅನ್ಯಾಯವಲ್ಲ. ನಾಳೆ ಬೆವರು ಸುರಿಸಿ ಅವನನ್ನು ಮೀರಿಸುವ ದಾರಿಯಾದರೂ ಇದೆ. ಆದರೆ "ನೀನು ಇವತ್ತು ಇವನಿಗಿಂತ ಚೆನ್ನಾಗಿಯೇ ಆಡುತ್ತೀ, ಆದರೆ ಬರುವ ವರ್ಷ ನೀನಿಲ್ಲ, ಇವನಿದ್ದಾನೆ" ಎಂದಾಗ ಆ ಹುಡುಗ ಮಾಡಬಹುದಾದದ್ದು ಏನೂ ಇಲ್ಲ. ಇಪ್ಪತ್ತೊಂದು ವರ್ಷ ತುಂಬಿದ್ದೇ ಅವನ ಅಪರಾಧ. ಅವನ ಆಟವನ್ನು ತೂಗಿ ಕಡಿಮೆಯೆಂದು ಬಿಟ್ಟದ್ದಲ್ಲ, ಅವನ ಉಳಿದ ಕಾಲವನ್ನು ಅಳೆದು ಬಿಟ್ಟದ್ದು.

ದೊಡ್ಡ ಕ್ಲಬ್ಬುಗಳ ವಿಷಯ ಬೇರೆ. ಅಲ್ಲಿ ಒಂದು ಕಡೆ ಬೇಡವಾದ ಆಟಗಾರ ಇನ್ನೊಂದು ಕಡೆ ಸಂಬಳಕ್ಕೆ ಸೇರುತ್ತಾನೆ. ಕಾಲೇಜಿನ ತಂಡದಲ್ಲಿ ಹುಡುಗನಿಗೆ ಸಿಗುವುದು ಮೂರೇ ಮಳೆಗಾಲ. ಹೆಚ್ಚಿನವರಿಗೆ ಅದೇ ಕೊನೆಯ ಫುಟ್‌ಬಾಲ್. ಕೋಚರ ಮೂರು ವರ್ಷವೂ ಹುಡುಗನ ಮೂರು ವರ್ಷವೂ ಕ್ಯಾಲೆಂಡರಿನಲ್ಲಿ ಒಂದೇ ಉದ್ದ. ಆದರೆ ಒಬ್ಬರದು ಯೋಜನೆ, ಇನ್ನೊಬ್ಬನದು ಇದ್ದಷ್ಟೂ ಆಯುಷ್ಯ.

ಕಾಲೇಜಿನ ಹೆಸರು ಉಳಿಯುತ್ತದಲ್ಲ ಎನ್ನುತ್ತಾರೆ. ಈ "ಹೆಸರು" ಎಂಬ ಮಾತನ್ನು ಕೇಳಿದರೆ ನನಗೆ ಈಗೀಗ ಭಯ. ನಮ್ಮ ಜಿಲ್ಲೆಗೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಹೆಮ್ಮೆ ದೊಡ್ಡದು, ಇರಲಿ, ನನಗೂ ಇದೆ. ಆದರೆ ನೂರಕ್ಕೆ ನೂರು ಎಂದು ಗೇಟಿನ ಮೇಲೆ ಬ್ಯಾನರ್ ಕಟ್ಟುವ ಆಸೆಗೆ, ಗಣಿತದಲ್ಲಿ ಹಿಂದಿರುವ ಮಗುವಿನ ಹೆತ್ತವರನ್ನು ಒಂಬತ್ತನೆಯಲ್ಲೇ ಕರೆಸಿ, ಟಿ.ಸಿ. ತೆಗೆದುಕೊಂಡರೆ ಒಳ್ಳೆಯದೆಂದು ಮೆಲ್ಲಗೆ ಹೇಳಿ ಕಳುಹಿಸುವ ಶಾಲೆಗಳೂ ಉಂಟು. ಶಾಲೆಯ ಹೆಸರಿಗಾಗಿ ಎಂದು ಹೇಳುವಾಗ ಆ ಮಗು ಶಾಲೆಯ ಲೆಕ್ಕದಿಂದ ಆಗಲೇ ಹೊರಗೆ ಹೋಗಿರುತ್ತದೆ. ನಾಮಫಲಕ, ಕಟ್ಟಡ, ಕಪಾಟಿನ ಟ್ರೋಫಿಗಳು, ಇವನ್ನೆಲ್ಲ ತೆಗೆದಿಟ್ಟರೆ ಶಾಲೆಯೆಂದು ಉಳಿಯುವುದು ಈ ವರ್ಷ ಬೆಂಚಿನಲ್ಲಿ ಕುಳಿತಿರುವ ಮಕ್ಕಳು ಮಾತ್ರ ತಾನೆ?

ಹಿರಿಯರು ಕಿರಿಯರಿಗಾಗಿ ಏನೂ ಬಿಟ್ಟುಕೊಡಬಾರದೇ ಎಂದು ನನ್ನ ಯಜಮಾನರು ಕೇಳಿದರು. ಅವರ ಅಜ್ಜ ನೆಟ್ಟ ಹಲಸಿನ ಮರದ ಹಣ್ಣನ್ನು ನಾವು ಇಂದಿಗೂ ತಿನ್ನುತ್ತಿದ್ದೇವೆ. ಬಿಟ್ಟುಕೊಡಬೇಕು, ಸಂಶಯವಿಲ್ಲ. ಆದರೆ ಅಜ್ಜ ಹಲಸು ನೆಟ್ಟದ್ದು ಸ್ವಂತ ಮನಸ್ಸಿನಿಂದ. ಯಾರೋ ಬಂದು ಅವರ ಅಂಗಳದ ಅನ್ನದ ಗದ್ದೆಯನ್ನು ಕಿತ್ತುಕೊಂಡು, "ನಿಮ್ಮ ಮರಿಮಕ್ಕಳಿಗೆ ಒಳ್ಳೆಯದಾಗುತ್ತದೆ" ಎಂದು ಹಲಸು ನೆಟ್ಟದ್ದಲ್ಲ. 19ನೆಯ ಶತಮಾನದ ರಷ್ಯನ್ ಲೇಖಕ ಹರ್ಜನ್ ಇದೇ ಪ್ರಶ್ನೆಯನ್ನು ದೊಡ್ಡದಾಗಿ ಕೇಳಿದ್ದ. ಮುಂದೊಂದು ದಿನ ಯಾರೋ ಕುಣಿಯಲಿರುವ ಮಾಳಿಗೆಯನ್ನು ಹೊರುವುದಕ್ಕೆ ಇಂದಿನ ಜೀವಂತ ಮನುಷ್ಯರನ್ನು ಕಂಬಗಳನ್ನಾಗಿ ನಿಲ್ಲಿಸಬಹುದೇ ಎಂಬುದು ಅವನ ಪ್ರಶ್ನೆಯ ಸಾರ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಅಲ್ಲಿಯ ಕಂಬಗಳು ಕಲ್ಲಿನವು. ಅವುಗಳಿಗೆ ವಯಸ್ಸಾಗುವುದಿಲ್ಲ, ಕುಣಿಯುವ ಆಸೆಯೂ ಇಲ್ಲ.

ಇಲ್ಲಿ ಒಂದು ತೊಡಕಿನ ಸಂಗತಿಯನ್ನು ಹೇಳಲೇಬೇಕು. ನನ್ನ ಬೆಂಗ್ರೆಯ ಹುಡುಗ ತನ್ನ ಜಾಗಕ್ಕೆ ಬಂದ ಕಿರಿಯನಿಗೆ ತಾನಾಗಿಯೇ ಆಟ ಹೇಳಿಕೊಟ್ಟ. ಒದ್ದೆ ನೆಲದಲ್ಲಿ ಚೆಂಡು ಹೇಗೆ ನಿಂತುಬಿಡುತ್ತದೆ, ಎದುರಾಳಿ ತಿರುಗುವ ಮೊದಲು ಅವನ ಸೊಂಟವನ್ನು ಹೇಗೆ ನೋಡಬೇಕು ಇತ್ಯಾದಿ. ಕೋಚರು ಇದನ್ನು ನನ್ನೆದುರು ಹೊಗಳಿದರು. "ನೋಡಿ, ಅವನೇ ಒಪ್ಪಿಕೊಂಡಿದ್ದಾನೆ, ನಿಮಗೆ ಯಾಕೆ ಬೇಸರ?" ಎನ್ನುವ ಧಾಟಿ.

ನಾನು ತಾಳಮದ್ದಳೆ ಕೇಳಿ ಬೆಳೆದವಳು. ನಮ್ಮ ಅರ್ಥಧಾರಿಗಳ ಬಾಯಲ್ಲಿ ದ್ರೋಣ ತನ್ನನ್ನು ಸಮರ್ಥಿಸಿಕೊಳ್ಳತೊಡಗಿದರೆ ಎದುರು ಕುಳಿತವರು ತಲೆದೂಗಬೇಕು: ಅರ್ಜುನನಿಗೆ ಕೊಟ್ಟ ಮಾತು, ಅರಮನೆಯ ಅನ್ನದ ಋಣ, ಹಸ್ತಿನಾವತಿಯ ನಾಳೆ. ಎಲ್ಲ ಸರಿಯಾಗಿಯೇ ಕೇಳಿಸುತ್ತದೆ. ಕೊನೆಗೆ ಬರುವ ವಾದ, ಏಕಲವ್ಯ ನಗುನಗುತ್ತ ಹೆಬ್ಬೆರಳನ್ನು ಕೊಟ್ಟನಲ್ಲ ಎಂಬುದು. ಅಲ್ಲಿ ಮಾತ್ರ ನನಗೆ ತಲೆದೂಗಲು ಆಗುವುದಿಲ್ಲ. ಕೊಟ್ಟವನು ನಗುತ್ತ ಕೊಟ್ಟದ್ದು ಅವನ ದೊಡ್ಡತನಕ್ಕೆ ಸಾಕ್ಷಿ. ಕೇಳಿದವನ ನ್ಯಾಯಕ್ಕೆ ಅದು ಸಾಕ್ಷಿಯಾಗಲಾರದು. ಒಳ್ಳೆಯ ಹುಡುಗರ ಒಳ್ಳೆಯತನವನ್ನು ನಾವು ದೊಡ್ಡವರು ನಮ್ಮ ಖಾತೆಗೆ ಜಮೆ ಮಾಡಿಕೊಳ್ಳುವುದು ಎಷ್ಟು ಸುಲಭ!

ತಂಡ ಕಟ್ಟುವುದಕ್ಕೆ ಬೇರೆ ದಾರಿಯೇ ಇಲ್ಲವೆಂದರೆ ನಾನು ಒಪ್ಪುವುದಿಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ನಮ್ಮ ಹಾಗೆ ಶಾಲಾ ಶಿಕ್ಷಕರಾಗಿದ್ದವರು. 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೆ ಭಾರತ ತಂಡವನ್ನು ಪಳಗಿಸಿದವರು. 2024ರಲ್ಲಿ ಅವರ ಮೇಲೆ ಬಂದ 'ಮೈದಾನ್' ಹಿಂದಿ ಸಿನಿಮಾವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿ ಯುಗೊಸ್ಲಾವಿಯದ ಎದುರು 10-1ರಿಂದ ಸೋತಿದ್ದರು. ಆ ತಂಡವನ್ನೇ ನಾಲ್ಕು ವರ್ಷದಲ್ಲಿ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ತಂದರು. ರಹೀಮರು ಎಳೆಯರನ್ನು ತರಲಿಲ್ಲವೆಂದಲ್ಲ, ತಂದರು. ಆದರೆ ನನಗೆ ಮುಖ್ಯವಾಗಿ ಕಾಣುವುದು 1962ರ ಜಕಾರ್ತ ಏಷ್ಯನ್ ಗೇಮ್ಸ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದ ಕೈಯಲ್ಲಿ 2-0 ಸೋಲು. ಮುಂದಿನ ಪಂದ್ಯದಲ್ಲಿ ರಕ್ಷಣೆಯ ಆಧಾರವಾಗಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಮಾಡಿಕೊಂಡು ಹೊಲಿಗೆ ಹಾಕಿಸಿಕೊಂಡರು. ಹಿಂದೆ ನಿಂತು ಮೊದಲಿನ ಹಾಗೆ ಆಡುವಂತಿಲ್ಲ. ರಹೀಮರು ಅವರನ್ನು ಬೆಂಚಿಗೆ ಕಳುಹಿಸಲಿಲ್ಲ, ಮುಂದಿನ ಸಾಲಿಗೆ ಕಳುಹಿಸಿದರು. ಸೆಮಿಫೈನಲಿನಲ್ಲೂ ಫೈನಲಿನಲ್ಲೂ ಜರ್ನೈಲ್ ಗೋಲು ಹೊಡೆದರು. ಅದೇ ಕೊರಿಯದ ಎದುರು 2-1ರಿಂದ ಚಿನ್ನ ಬಂತು. ಆಗ ರಹೀಮರಿಗೆ ಕ್ಯಾನ್ಸರ್ ಆಗಿತ್ತು. ವರ್ಷ ತುಂಬುವ ಮೊದಲೇ ಹೋದರು. ಮೂರು ವರ್ಷದ ಲೆಕ್ಕ ಅವರ ಕೈಯಲ್ಲಿರಲಿಲ್ಲ. ಎದುರಿಗಿದ್ದವನಿಂದ ಇವತ್ತು ಏನಾದೀತು, ಎಲ್ಲಿ ನಿಲ್ಲಿಸಿದರೆ ಆದೀತು ಎಂದು ನೋಡಿದರು. ಒಳ್ಳೆಯ ಮೇಷ್ಟರು ಕ್ಲಾಸಿನಲ್ಲಿ ಮಾಡುವುದೂ ಅದನ್ನೇ.

ನಮ್ಮ ರಾಜ್ಯದ್ದೇ ಇನ್ನೊಂದು ಲೆಕ್ಕವಿದೆ. ಸಂತೋಷ್ ಟ್ರೋಫಿಯನ್ನು ನಾವು ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಸಲ ಗೆದ್ದಿದ್ದೆವು, ಕೊನೆಯದು 1968-69ರಲ್ಲಿ. ಮುಂದಿನದು ಬಂದದ್ದು 2023ರ ಮಾರ್ಚ್ 4ರಂದು, ಸೌದಿಯ ರಿಯಾದಿನಲ್ಲಿ, ಮೇಘಾಲಯದ ಎದುರು 3-2ರಿಂದ. ನಡುವೆ ಐವತ್ತನಾಲ್ಕು ವರ್ಷ. ಈ ಅವಧಿಯಲ್ಲಿ ರಾಜ್ಯದ ಅಂಗಿ ತೊಟ್ಟ ಹುಡುಗರಿಗೆಲ್ಲ ಮುಂದೆ ಒಳ್ಳೆಯ ತಂಡ ಆಗುತ್ತದೆಂದು ಯಾರಾದರೂ ಹೇಳಿಯೇ ಇದ್ದಿರಬೇಕು. ಆಟದ ಬೆಲೆಯೆಲ್ಲ ಕಪ್ಪಿನಲ್ಲೇ ಇದ್ದಿದ್ದರೆ ಅವರ ಆಟವೆಲ್ಲ ಸೊನ್ನೆ ಎನ್ನಬೇಕಾಗುತ್ತದೆ. ಹಾಗೆನ್ನಲು ನನಗೆ ಬಾಯಿ ಬರುವುದಿಲ್ಲ. ಅವರು ಸೋತರು, ಆದರೆ ಆಡಿ ಸೋತರು.

ಸಭೆಯ ದಿನ ಕೋಚರನ್ನು ಕೊನೆಗೆ ಒಂದು ಮಾತು ಕೇಳಿದ್ದೆ. "ಎಳೆಯರನ್ನೇ ಆಡಿಸುವುದೆಂದು ನೀವು ನಿರ್ಧರಿಸಿದ್ದು ಜೂನ್‌ನಲ್ಲಿ. ದೊಡ್ಡವರಿಗೆ ಆಗಲೇ ಹೇಳಿಬಿಡಬಹುದಿತ್ತಲ್ಲ ಸರ್? ಬೇಕಾದವರು ತಮ್ಮ ಊರಿನ ಕ್ಲಬ್ಬಿಗಾದರೂ ಆಡುತ್ತಿದ್ದರು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿದರು. "ಹೇಳಿದ್ರೆ ಪ್ರಾಕ್ಟೀಸಿಗೆ ಬರುದು ನಿಲ್ಲಿಸ್ತಿದ್ರು ಟೀಚರ್. ಎದುರು ನಿಲ್ಲಲಿಕ್ಕೆ ಹನ್ನೊಂದು ಜನ ಇಲ್ಲದೆ ಚಿಕ್ಕವರು ಕಲಿಯುದು ಹೇಗೆ?"

ಆ ಪ್ರಾಮಾಣಿಕತೆಗೆ ಅವರನ್ನು ಮೆಚ್ಚಿದೆ. ಆದರೆ ಇಷ್ಟು ಹೊತ್ತು ಕಾಲೇಜು, ಭವಿಷ್ಯ, ಅಡಿಪಾಯ ಎಂದು ನಾವಿಬ್ಬರೂ ಆಡಿದ ಮಾತಿನ ಕೆಳಗೆ ಇದ್ದದ್ದು ಇಷ್ಟೇ. ಪಂದ್ಯಕ್ಕೆ ಬೇಡವಾದ ಹುಡುಗರು ಅಭ್ಯಾಸಕ್ಕೆ ಬೇಕಿತ್ತು. ಬೇಕು ಎಂಬುದನ್ನು ಅವರಿಗೆ ಹೇಳುವಂತಿರಲಿಲ್ಲ, ಯಾಕೆಂದರೆ ಹೇಳಿದರೆ ಒಲ್ಲೆ ಎನ್ನುವ ಹಕ್ಕು ಅವರಿಗೆ ಸಿಗುತ್ತಿತ್ತು. ನನ್ನ ಹುಡುಗ ಜುಲೈಯಿಂದ ಸೆಪ್ಟೆಂಬರಿನವರೆಗೆ ಬೆಳಿಗ್ಗೆ ಐದಕ್ಕೆ ಎದ್ದು, ಮೊದಲ ದೋಣಿ ಹಿಡಿದು, ಈ ಸಲವಾದರೂ ಹೆಸರು ಕರೆಯುತ್ತಾರೆಂದು ಬಂದದ್ದು ಈ ಮೌನದ ಆಧಾರದಲ್ಲಿ.

ಈ ವರ್ಷ ಜೂನ್‌ನಲ್ಲಿ ಅವರು ಅಂತಿಮ ವರ್ಷದ ಏಳು ಮಂದಿಯನ್ನು ಕೂರಿಸಿ ವಿಷಯ ಹೇಳಿದರಂತೆ. ಮಗಳೇ ಬಂದು ನನಗೆ ತಿಳಿಸಿದಳು. ಮೂವರು ಬಿಟ್ಟು ಹೋದರು. ನಾಲ್ವರು ಉಳಿದರು. ಅಭ್ಯಾಸಕ್ಕೆ ಜನ ಸಾಲದೆ ಕೆಲವು ದಿನ ಕೋಚರೇ ಎದುರು ತಂಡದಲ್ಲಿ ಬ್ಯಾಕ್ ನಿಲ್ಲುತ್ತಿದ್ದಾರಂತೆ.