ಪದ್ಯ ಮನೆಯದು, ಅರ್ಥ ನಮ್ಮದು

ಕುಮಟೆ, ಹೊನ್ನಾವರ, ಭಟ್ಕಳದ ಹುಡುಗರ ಹೆಗಲ ಮೇಲೆ ಗಿಟಾರ್ ಕಾಣುವುದು ಈಗ ಹೊಸತಲ್ಲ. ಕಲಿತ ನಾಲ್ಕೇ ಕಾರ್ಡ್‌ಗಳಲ್ಲಿ ಸ್ವಂತ ಹಾಡು ಕಟ್ಟಿ ಕಾಲೇಜಿನ ಗ್ಯಾದರಿಂಗಿನಲ್ಲಿ ಹಾಡುವವರಿದ್ದಾರೆ. ಹಾಡಿದ ಹುಡುಗ ಯಕ್ಷಗಾನ ಭಾಗವತರ ಮೊಮ್ಮಗನೋ, ಹಾಡಿದ ಹುಡುಗಿ ಸಂಗೀತ ಮೇಷ್ಟ್ರ ಮಗಳೋ ಆಗಿದ್ದರೆ, ಕೇಳಿ ಎದ್ದವರ ಬಾಯಲ್ಲಿ ಬರುವ ಮಾತು ಒಂದೇ: "ರಕ್ತದಲ್ಲೇ ಇದೆಯಲ್ಲ, ಬರದೇ ಏನು?"

ಹೊಗಳಿಕೆಯ ಮಾತೇ ಇದು. ಆದರೂ ಇದರಿಂದ ಇಬ್ಬರಿಗೆ ಅನ್ಯಾಯವಾಗುತ್ತದೆ. ಕಲಾವಿದರ ಮನೆಯಲ್ಲಿ ಹುಟ್ಟಿದ ಮಗು ಬೆರಳು ನೋಯುವವರೆಗೆ ಮಾಡಿದ ಅಭ್ಯಾಸವನ್ನು ಈ ಮಾತು ಒರೆಸಿಹಾಕುತ್ತದೆ. ಅಂಥ ಮನೆಯಲ್ಲಿ ಹುಟ್ಟದ ಮಗುವಿಗೆ ಇದು ನಿನ್ನ ದಾರಿಯಲ್ಲ ಎಂದು ಮೊದಲೇ ಬಾಗಿಲು ಹಾಕುತ್ತದೆ. ಮನೆತನ ಒಬ್ಬ ಕಲಾವಿದನಿಗೆ ಏನು ಕೊಡುತ್ತದೆ, ಏನನ್ನು ಕೊಡಲಾರದು ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಹೊನ್ನಾವರದಿಂದ ಭಟ್ಕಳದ ಕಡೆ ಹೋಗುವ ಹೆದ್ದಾರಿಯಲ್ಲಿ ಗುಣವಂತೆಯವರೆಗೆ ಹೋದರೆ ಸಾಕು.

ಗೋಕರ್ಣ, ಧಾರೇಶ್ವರ, ಮುರ್ಡೇಶ್ವರಗಳ ಜೊತೆ ಪಂಚಕ್ಷೇತ್ರಗಳಲ್ಲಿ ಒಂದೆಂದು ಈ ಊರನ್ನು ಭಕ್ತರು ಎಣಿಸುತ್ತಾರೆ. ಕಲೆಯನ್ನು ಪ್ರೀತಿಸುವವರಿಗೆ ಇದು ಕೆರೆಮನೆಯವರ ಊರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಆಗ ಅವರ ವಯಸ್ಸು ಮೂವತ್ತರ ಒಳಗೆ. ಮೇಳ ನಡೆಸುವುದೆಂದರೆ ವೇಷ ಕಟ್ಟಿ ಕುಣಿದಷ್ಟಕ್ಕೆ ಮುಗಿಯುವ ಕೆಲಸವಲ್ಲ. ಕಲಾವಿದರ ಸಂಬಳ, ಊಟ, ಪೆಟ್ಟಿಗೆ, ಪ್ರಯಾಣ, ಮಳೆ ಬಂದರೆ ನಿಲ್ಲುವ ಆಟ, ಆಟ ನಿಂತರೆ ಬೆಳೆಯುವ ಸಾಲ ಎಲ್ಲವೂ ಯಜಮಾನನ ತಲೆಯ ಮೇಲೆ. ಅಂಥ ಹೊರೆ ಹೊತ್ತುಕೊಂಡೇ ಶಿವರಾಮ ಹೆಗಡೆಯವರು ದೊಡ್ಡ ವೇಷಧಾರಿಯಾದರು, ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಪಡೆದರು. ಅದೇ ಮನೆತನದ ಮಹಾಬಲ ಹೆಗಡೆಯವರು ಪ್ರಧಾನ ವೇಷಗಳಲ್ಲಿ ಹೆಸರಾದರು. ಗಜಾನನ ಹೆಗಡೆಯವರ ಸ್ತ್ರೀವೇಷವನ್ನು ಹಳಬರು ಇಂದಿಗೂ ನೆನೆಯುತ್ತಾರೆ.

ಶಿವರಾಮ ಹೆಗಡೆಯವರ ಮಗ ಶಂಭು ಹೆಗಡೆಯವರು ಹುಟ್ಟಿದ್ದು ಈ ಮನೆಯಲ್ಲಿ, 1938ರಲ್ಲಿ. ಮೇಳಕ್ಕೆ ಆಗ ನಾಲ್ಕು ವರ್ಷ. ಕಣ್ಣು ಬಿಟ್ಟಲ್ಲಿ ಮುಂಡಾಸು, ಕಿವಿಗೊಟ್ಟಲ್ಲಿ ಮದ್ದಲೆ. ರಕ್ತದಲ್ಲೇ ಇದೆ ಎನ್ನುವ ಮಾತು ಯಾರಿಗಾದರೂ ಒಪ್ಪುವುದಿದ್ದರೆ ಇವರಿಗೇ ಒಪ್ಪಬೇಕು. ಆದರೆ ಅವರು ನಡೆದ ದಾರಿ ಬೇರೆಯೇ ಕತೆ ಹೇಳುತ್ತದೆ.

ಆ ಕತೆಗೆ ಮೊದಲು ಯಕ್ಷಗಾನದ ಒಂದು ಕ್ಷಣವನ್ನು ಹತ್ತಿರದಿಂದ ನೋಡಬೇಕು. ಭಾಗವತರು ತಾಳ ಹಿಡಿದು ಪದ್ಯ ಎತ್ತುತ್ತಾರೆ. ಮದ್ದಲೆ ಕೂಡಿಕೊಳ್ಳುತ್ತದೆ, ಚಂಡೆ ಏರುತ್ತದೆ. ವೇಷಧಾರಿ ಪದ್ಯದ ಸಾಲುಸಾಲಿಗೂ ಹೆಜ್ಜೆ ಹಾಕುತ್ತಾನೆ. ಕೈ ಒಂದು ಹೇಳಿದರೆ ಕಣ್ಣು ಅದಕ್ಕೆ ಇನ್ನೊಂದನ್ನು ಸೇರಿಸುತ್ತದೆ. ಬಿಡ್ತಿಗೆ ಬಿದ್ದು ಹಿಮ್ಮೇಳ ನಿಲ್ಲುತ್ತದೆ. ಈಗ ಅವನು ಮಾತಾಡಬೇಕು. ಅವನ ಮುಂದೆ ಬರೆದಿಟ್ಟ ಸಂಭಾಷಣೆ ಇಲ್ಲ, ಪರದೆಯ ಹಿಂದೆ ನಿಂತು ಹೇಳಿಕೊಡುವವರಿಲ್ಲ. ಪದ್ಯ ಕವಿಯದು, ಅದಕ್ಕೆ ಕಂಠ ಕೊಟ್ಟವರು ಭಾಗವತರು. ಅರ್ಥ ಹೇಳುವ ಹೊಣೆ ಮಾತ್ರ ಪೂರಾ ಅವನದೇ. ಎದುರು ವೇಷದವನು ಎತ್ತಿದ ಪ್ರಶ್ನೆಗೆ ಉತ್ತರ ಅಲ್ಲೇ, ಆ ಗಳಿಗೆಯಲ್ಲೇ ಹುಟ್ಟಬೇಕು. ಅಪ್ಪ ಹೇಳುತ್ತಿದ್ದ ಅರ್ಥವನ್ನೇ ಗಿಳಿಪಾಠ ಒಪ್ಪಿಸಿದರೆ ಚಾಪೆಯ ಮೇಲೆ ಕೂತ ಪ್ರೇಕ್ಷಕ ಮೂರನೇ ಮಾತಿಗೆ ಕಂಡುಹಿಡಿಯುತ್ತಾನೆ.

ಮನೆತನ ಕೊಡುವುದೂ ಇಂಥದೇ ಒಂದು ಪದ್ಯವನ್ನು. ಅದು ಬಹಳ ದೊಡ್ಡ ಕೊಡುಗೆ, ಅನುಮಾನವಿಲ್ಲ. ಆದರೆ ಹಿಮ್ಮೇಳ ನಿಂತ ಮೇಲೆ ರಂಗಸ್ಥಳದ ನಡುವೆ ಒಬ್ಬನೇ ನಿಂತು ಅರ್ಥ ಹೇಳಬೇಕಾದವನು ಮಗ. ಅಲ್ಲಿಗೆ ಅಪ್ಪ ಬರುವುದಿಲ್ಲ.

ಶಂಭು ಹೆಗಡೆಯವರು ಇದನ್ನು ಬೇಗ ಅರಿತಿದ್ದರು. ಅಪ್ಪನ ಹೆಸರಿನ ಬಲದಲ್ಲಿ ಊರಲ್ಲೇ ಉಳಿದು ವೇಷ ಮಾಡಿಕೊಂಡಿದ್ದರೆ ಅವರನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಅವರು ಮನೆಯ ಹೊರಗೆ ಹೋಗಿ ಮತ್ತೆ ಶಿಷ್ಯರಾದರು. ನೃತ್ಯ ಸಂಯೋಜನೆಯಲ್ಲಿ ದೇಶಕ್ಕೇ ಹೆಸರಾದ ಮಾಯಾ ರಾವ್ ಅವರ ಬಳಿ ಕಲಿತರು. ರಂಗಸ್ಥಳದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಒಂದು ಚಲನೆ ಎಲ್ಲಿ ಹುಟ್ಟಿ ಎಲ್ಲಿ ಮುಗಿಯಬೇಕು ಎನ್ನುವುದನ್ನು ಬೇರೆ ಕಣ್ಣಿನಿಂದ ನೋಡಲು ಕಲಿತು ಬಂದರು. ಬಂದವರು ಯಕ್ಷಗಾನವನ್ನು ಬೇರೇನೋ ಆಗಿಸಲು ಹೋಗಲಿಲ್ಲ. ಕಲಿತದ್ದನ್ನು ತಮ್ಮ ಬಡಗುತಿಟ್ಟು ಶೈಲಿಯ ಜಾಯಮಾನಕ್ಕೆ ಒಗ್ಗಿಸಿ, ಇದ್ದದ್ದನ್ನು ಇನ್ನಷ್ಟು ಚೊಕ್ಕ ಮಾಡಿದರು. ಬೆಳಗಿನವರೆಗೆ ನಡೆಯುವ ಆಟವನ್ನು ಹೊರ ಊರಿನ, ಹೊರ ದೇಶದ ವೇದಿಕೆಗಳಿಗಾಗಿ ಕೆಲವೇ ಗಂಟೆಗಳಿಗೆ ಇಳಿಸಿದಾಗಲೂ ಅದರ ತೂಕ ಇಳಿಯದಂತೆ ನೋಡಿಕೊಂಡರು. ಹರಿಶ್ಚಂದ್ರ, ಕರ್ಣ, ರಾಮರಂಥ ಪಾತ್ರಗಳಲ್ಲಿ ಅಬ್ಬರಕ್ಕಿಂತ ಒಳಗಿನ ತಳಮಳಕ್ಕೆ ಬೆಲೆ ಕೊಟ್ಟರು. ಅದು ಅವರು ಹೇಳಿದ ಅರ್ಥ.

1986ರಲ್ಲಿ ಅವರು ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ತೆರೆದರು. ಅವರ ಬದುಕಿನ ಅತಿ ದೊಡ್ಡ ಕೆಲಸ ಇದೇ ಎಂದು ನಾನು ತಿಳಿಯುತ್ತೇನೆ. ಮನೆತನದ ಕಲೆಯನ್ನು ಮನೆಯವರಿಗಷ್ಟೇ ಇಟ್ಟುಕೊಳ್ಳುವ ಸುಲಭದ ದಾರಿ ಅವರ ಮುಂದಿತ್ತು. ಅದನ್ನು ಬಿಟ್ಟು, ಯಾರ ಮನೆಯ ಮಗುವೇ ಆಗಲಿ ಬಂದು ತಾಳ, ಹೆಜ್ಜೆ, ಮಾತು ಕಲಿಯಲಿ ಎಂದು ಬಾಗಿಲು ತೆಗೆದರು. ಮನೆಯ ಸೊತ್ತನ್ನು ಊರಿನ ಸೊತ್ತು ಮಾಡುವುದಕ್ಕೆ ದೊಡ್ಡ ಮನಸ್ಸು ಬೇಕು. 2004ರಲ್ಲಿ ಅವರಿಗೂ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. 2009ರ ಫೆಬ್ರವರಿಯಲ್ಲಿ ಇಡಗುಂಜಿಯ ಆಟದಲ್ಲಿ ವೇಷ ಕಟ್ಟಿದ್ದಾಗಲೇ ಅವರು ಅಸ್ವಸ್ಥರಾದರು, ನಮ್ಮನ್ನು ಅಗಲಿದರು. ಮೇಳ ನಿಲ್ಲಲಿಲ್ಲ. ಮಗ ಶಿವಾನಂದ ಹೆಗಡೆಯವರು ಅದನ್ನು ನಡೆಸುತ್ತಿದ್ದಾರೆ, ಮೊಮ್ಮಗ ಶ್ರೀಧರ ಹೆಗಡೆಯವರು ವೇಷ ಕಟ್ಟುತ್ತಾರೆ. ತಂದೆಯ ಹೆಸರಿನಲ್ಲಿ ಶಿವಾನಂದರು ನಡೆಸುವ ರಾಷ್ಟ್ರೀಯ ನಾಟ್ಯೋತ್ಸವಕ್ಕೆ ಬೇರೆ ಬೇರೆ ರಾಜ್ಯಗಳ ಕಲಾವಿದರು ಗುಣವಂತೆಗೆ ಬರುತ್ತಾರೆ. ಅಜ್ಜ ಮೇಳ ಕಟ್ಟಿದರು, ಅಪ್ಪ ಶಾಲೆ ಕಟ್ಟಿದರು, ಮಗ ಉತ್ಸವ ಕಟ್ಟಿದರು. ಒಂದೇ ಪದ್ಯಕ್ಕೆ ಮೂವರೂ ಬೇರೆ ಬೇರೆ ಅರ್ಥ ಹೇಳಿದರು. 1934ರಲ್ಲಿ ಹುಟ್ಟಿದ ಮಂಡಳಿಗೆ 2024ರಲ್ಲಿ ಯುನೆಸ್ಕೊದ ಮಾನ್ಯತೆ ಸಿಕ್ಕಿದ್ದು ಈ ತೊಂಬತ್ತು ವರ್ಷಗಳ ದುಡಿಮೆಗೆ.

ಇಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಕೆರೆಮನೆಯ ಆಟ ಎಂದೊಡನೆ ಹಲವರ ಕಿವಿಯಲ್ಲಿ ಮೊದಲು ಕೇಳುವುದು ನೆಬ್ಬೂರು ನಾರಾಯಣ ಭಾಗವತರ ದನಿ. ದಶಕಗಳ ಕಾಲ ಆ ಮೇಳಕ್ಕೆ ಹಾಡಿದ ಅವರು 2019ರಲ್ಲಿ ತೀರಿಕೊಂಡರು. ಅವರು ಕೆರೆಮನೆಯಲ್ಲಿ ಹುಟ್ಟಿದವರಲ್ಲ. ಆದರೂ ಅವರ ಪದ್ಯವಿಲ್ಲದೆ ಆ ಮನೆತನದ ಕುಣಿತವನ್ನು, ಮಾತನ್ನು ನೆನೆಯುವುದೇ ಕಷ್ಟ. ಯಾವ ದೊಡ್ಡ ಕಲಾವಿದರ ಮನೆತನವೂ ತನ್ನಷ್ಟಕ್ಕೇ ದೊಡ್ಡದಾಗಿಲ್ಲ. ಹೊರಗಿನಿಂದ ಬಂದ ಒಂದು ಕಂಠ, ಒಂದು ಮದ್ದಲೆ, ಚೌಕಿಯಲ್ಲಿ ಬಣ್ಣ ಕಲಸುವ ಒಂದು ಕೈ ಅದನ್ನು ಎತ್ತಿ ಹಿಡಿದಿರುತ್ತದೆ.

ಇನ್ನು ಅದೇ ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ನೋಡಿ. 1933ರಲ್ಲಿ ಹುಟ್ಟಿದ ಅವರ ಬೆನ್ನಿಗೆ ಮೇಳದ ಯಜಮಾನಿಕೆಯ ಹೆಸರಿರಲಿಲ್ಲ, ಶಾಲೆಯ ಓದೂ ಹೆಚ್ಚಿರಲಿಲ್ಲ. ಇದ್ದದ್ದು ಆಟದ ಹುಚ್ಚು ಮತ್ತು ದಣಿವರಿಯದ ಮೈ. ಅವರ ಭಸ್ಮಾಸುರ, ಅವರ ಕೀಚಕನನ್ನು ನೋಡಲು ಜನ ಗದ್ದೆ ದಾಟಿ, ಹೊಳೆ ದಾಟಿ ಬರುತ್ತಿದ್ದರು. 2012ರಲ್ಲಿ ಪದ್ಮಶ್ರೀ ಬಂದಾಗ ಆ ಗೌರವ ಪಡೆದ ಮೊದಲ ಯಕ್ಷಗಾನ ಕಲಾವಿದ ಅವರು. 2017ರಲ್ಲಿ ಅವರು ಹೋದರು. ಅವರ ಮಕ್ಕಳೂ ವೇಷ ಕಟ್ಟಿದರು. ಒಬ್ಬ ಬಡ ಹುಡುಗನ ಹುಚ್ಚಿನಿಂದ ಶುರುವಾದದ್ದು ಮುಂದಿನ ತಲೆಮಾರಿಗೆ ಮನೆತನವಾಯಿತು. ಎಲ್ಲ ಮನೆತನಗಳೂ ಹೀಗೇ ಯಾರೋ ಒಬ್ಬರ ಹಟದಿಂದ ಶುರುವಾದವು ಎನ್ನುವುದನ್ನು ನಾವು ಮರೆಯುತ್ತೇವೆ.

ಮನೆ ಏನೇ ಕೊಟ್ಟರೂ ಅರ್ಥವನ್ನು ತಾನೇ ಹೇಳಬೇಕು ಎನ್ನುವುದು ಹಾಡು ಬರೆಯುವವರಿಗೂ ಸಲ್ಲುವ ಮಾತು. ಕುಮಟಾ ತಾಲೂಕಿನ ಗೋಕರ್ಣದಲ್ಲಿ ಗೌರೀಶ ಕಾಯ್ಕಿಣಿಯವರು ಮೇಷ್ಟ್ರು, ವಿಚಾರವಾದಿ, ದೊಡ್ಡ ಓದುಗ. ಮಗ ಜಯಂತ ಕಾಯ್ಕಿಣಿಯವರು ಹದಿಹರೆಯದಲ್ಲೇ ಮೊದಲ ಕವನ ಸಂಕಲನ ತಂದು ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದರು. ಆಮೇಲೆ ಅವರು ಹೋದದ್ದು ಮುಂಬೈಗೆ, ಜೀವರಸಾಯನಶಾಸ್ತ್ರ ಓದಿದವರಾಗಿ ಔಷಧ ಕಂಪನಿಯ ನೌಕರಿಗೆ. ಅಪ್ಪನ ಹಾಗೆ ವೈಚಾರಿಕ ಪ್ರಬಂಧಗಳ ದಾರಿ ಹಿಡಿಯದೆ ಮಹಾನಗರದ ಸಾಮಾನ್ಯರ ಕತೆ ಬರೆದರು. ನಡುವಯಸ್ಸು ದಾಟಿದ ಮೇಲೆ, 2006ರ 'ಮುಂಗಾರು ಮಳೆ'ಯಿಂದ, ನಾಡಿನ ಹುಡುಗರೆಲ್ಲ ಗುನುಗುವ ಸಿನಿಮಾ ಹಾಡುಗಳ ಕವಿಯಾದರು. ಸಿನಿಮಾದಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು ಬರುತ್ತದೆ, ಮಾತು ಆಮೇಲೆ. ಇನ್ನೊಬ್ಬರು ಕೊಟ್ಟ ಅಳತೆಯೊಳಗೆ ಒಂದು ಮಾತ್ರೆಯೂ ಹೆಚ್ಚುಕಡಿಮೆಯಾಗದಂತೆ ತನ್ನ ಮಾತು ಹೇಳಬೇಕು. ಆ ಕಟ್ಟಿನೊಳಗೂ ಕಾಯ್ಕಿಣಿಯವರ ಹಾಡು ಕಾಯ್ಕಿಣಿಯವರದೇ ಎಂದು ಗುರುತು ಸಿಗುತ್ತದೆ.

ಭಟ್ಕಳ ತಾಲೂಕಿನ ಕಾಯ್ಕಿಣಿ ಎಂಬ ಊರಿನ ಹೆಸರನ್ನೇ ಹೊತ್ತ ಇನ್ನೊಬ್ಬರು ಪಂಡಿತ್ ದಿನಕರ ಕಾಯ್ಕಿಣಿ. ಮುಂಬೈಯಲ್ಲಿ ಬೆಳೆದು, ಲಖನೌದಲ್ಲಿ ಎಸ್.ಎನ್. ರತನ್‌ಜನಕರ್ ಅವರ ಬಳಿ ಕಲಿತು, ಆಗ್ರಾ ಘರಾಣೆಯ ಗಾಯಕರಾಗಿ 2010ರವರೆಗೆ ಬಾಳಿದವರು. 'ದಿನರಂಗ' ಎಂಬ ಅಂಕಿತದಲ್ಲಿ ಸ್ವತಃ ಬಂದಿಶ್‌ಗಳನ್ನು ರಚಿಸಿದರು. ಪತ್ನಿ ಶಶಿಕಲಾ ಅವರೂ ಗಾಯಕಿ, ಮಗಳು ಅದಿತಿಯವರೂ ಗಾಯಕಿ. ಮಗ ಯೋಗೇಶ್ ಸಂಸಿಯವರು ಮಾತ್ರ ತಬಲಾ ಹಿಡಿದರು. ಮನೆಯೆಲ್ಲ ಹಾಡುವಾಗ ಮಗ ಬೇರೆ ವಾದ್ಯ ಆರಿಸಿಕೊಂಡರೆ ಎಷ್ಟೋ ತಂದೆಯರಿಗೆ ಇರಿಸುಮುರಿಸಾದೀತು. ಯೋಗೇಶರು ತಾರಾನಾಥ ರಾಯರ ಬಳಿ, ಆಮೇಲೆ ಉಸ್ತಾದ್ ಅಲ್ಲಾ ರಖಾ ಅವರ ಬಳಿ ಕಲಿತು ಇಂದು ದೇಶದ ಮುಂಚೂಣಿಯ ತಬಲಾ ವಾದಕರಲ್ಲಿ ಒಬ್ಬರಾಗಿದ್ದಾರೆ. ಹೊರಗಿನ ಉದಾಹರಣೆ ಬೇಕೆಂದರೆ ಎಸ್.ಡಿ. ಬರ್ಮನ್ ಮತ್ತು ಆರ್.ಡಿ. ಬರ್ಮನ್ ಇದ್ದಾರೆ. ಅಪ್ಪ ಬಂಗಾಳದ ಜನಪದ ಧಾಟಿಯನ್ನು ಹಿಂದಿ ಸಿನಿಮಾಕ್ಕೆ ತಂದರು. ಮಗ ಗಿಟಾರ್, ಟ್ರಂಪೆಟ್, ದೂರದೇಶಗಳ ತಾಳಗಳನ್ನು ತಂದು ಹೊಸ ಕಾಲವನ್ನೇ ತೆರೆದರು. ಮಗ ಅಪ್ಪನನ್ನು ಅನುಕರಿಸಿದ್ದರೆ ನಮಗೆ ಒಬ್ಬರೇ ಬರ್ಮನ್ ಸಿಗುತ್ತಿದ್ದರು.

'ನೂಲಿನಂತೆ ಸೀರೆ' ಎಂಬ ಗಾದೆ ನಮ್ಮಲ್ಲಿದೆ. ಗಾದೆ ಸುಳ್ಳಲ್ಲ. ಆದರೆ ನೂಲು ತಾನಾಗಿಯೇ ಸೀರೆಯಾಗುವುದಿಲ್ಲ, ಮಗ್ಗದ ಮುಂದೆ ಯಾರಾದರೂ ಕೂರಬೇಕು. ಹಾಡುವ ಮನೆಯ ಮಗುವಿಗೆ ಸಿಗುವ ನಿಜವಾದ ಲಾಭ ರಕ್ತದ್ದಲ್ಲ, ಕಿವಿಯದು. ಶ್ರುತಿ ತಪ್ಪಿದರೆ ಮಾತು ಬರುವ ಮೊದಲೇ ಅದಕ್ಕೆ ತಿಳಿಯುತ್ತದೆ. ದೊಡ್ಡವರು ಅಭ್ಯಾಸ ಮಾಡುವುದನ್ನು, ಸೋಲುವುದನ್ನು, ಮತ್ತೆ ಕೂರುವುದನ್ನು ಅದು ಹತ್ತಿರದಿಂದ ಕಂಡಿರುತ್ತದೆ. ಈ ಲಾಭವನ್ನು ನಾವು ಮನಸ್ಸು ಮಾಡಿದರೆ ಯಾವ ಮನೆಯ ಮಗುವಿಗೂ ಕೊಡಬಹುದು. ಒಳ್ಳೆಯದನ್ನು ಕೇಳಿಸಬಹುದು, ಆಟಕ್ಕೆ ಕರೆದುಕೊಂಡು ಹೋಗಬಹುದು, ಕಲಿಸುವವರ ಬಳಿ ಬಿಡಬಹುದು.

ಹಾಗಾಗಿ ಹಾಡುವ ಮನೆಯ ತಂದೆತಾಯಿಯರಲ್ಲಿ ಒಂದು ಬಿನ್ನಹ. ನಿಮ್ಮ ಮಗ ತಂಬೂರಿ ಬಿಟ್ಟು ಗಿಟಾರ್ ಹಿಡಿದರೆ, ನಿಮ್ಮ ಮಗಳು ನೀವು ಕಲಿಸಿದ ರಾಗದಲ್ಲಿ ಯಾರೂ ಕೇಳದ ಹೊಸ ಹಾಡು ಕಟ್ಟಿದರೆ, ಪರಂಪರೆ ಹಾಳಾಯಿತೆಂದು ಕೊರಗಬೇಡಿ. ತಾಳ ತಪ್ಪಿದರೆ ತಿದ್ದಿ, ಆದರೆ ಅರ್ಥವನ್ನು ಅವರೇ ಹೇಳಲು ಬಿಡಿ. ಹಾಡಿನ ಗಂಧವಿಲ್ಲದ ಮನೆಯಲ್ಲಿ ಹುಟ್ಟಿದ ಹುಡುಗ ಹುಡುಗಿಯರಿಗೂ ಒಂದು ಮಾತು. ಚಿಟ್ಟಾಣಿಯವರ ತಾಲೂಕಿನಲ್ಲಿ ಹುಟ್ಟಿ 'ನಮ್ಮ ಮನೆಯಲ್ಲಿ ಯಾರೂ ಹಾಡುವುದಿಲ್ಲ' ಎಂಬ ನೆಪ ಹೇಳಬೇಡಿ. ಇಂದಿನ ಅಭ್ಯಾಸವನ್ನು ಇಂದೇ ಮಾಡಿ. ನಾಳೆ ನಿಮ್ಮ ಮಕ್ಕಳಿಗೆ ಒಂದು ಮನೆತನ ಬೇಕಿದ್ದರೆ ಅದನ್ನು ಶುರುಮಾಡಬೇಕಾದವರು ನೀವೇ.